ಕಾಲು ಮಡಚಿ ಕೂತ ಮೇಲೆಯೇ ಸಹಿ

ಪೇಪರಿಗಾಗಿ ಯಾರನ್ನೇ ಮಾತಾಡಿಸಲು ಹೋದರೂ ಪ್ರಶ್ನೆಗಳನ್ನೆಲ್ಲ ಡೈರಿಯಲ್ಲಿ ಬರೆದುಕೊಂಡೇ ಹೋಗುತ್ತೇನೆ. ಎದುರಿಗಿದ್ದವರು ಬಾಯಿ ತೆರೆದ ಕೂಡಲೇ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಒಂದನ್ನೂ ಕೇಳದೆ ವಾಪಸ್ ಬರುತ್ತೇನೆ. ಇವತ್ತೂ ಹಾಗೇ ಆಗುತ್ತದೇನೋ ಎಂಬ ಅಳುಕಿನಲ್ಲೇ ಮಧುಗಿರಿಯ ಡ್ರೈವಿಂಗ್ ಸ್ಕೂಲೊಂದರ ಹಳೇ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬೆಟ್ಟ ಕಪ್ಪಗೆ ನಿಂತಿದೆ. ಮೇಲಿನ ಕೋಟೆಗೋಡೆ ಕಾಣುವಷ್ಟು ಬೆಳಕಾಗಿಲ್ಲ.

"ಕ್ಲಚ್! ಕ್ಲಚ್ ಕಣ್ರೀ ಮೇಡಂ! ಅದು ಸ್ಟೇರಿಂಗು. ಅದನ್ಯಾಕೆ ಹಂಗೆ ಹಿಂಡ್ತೀರಿ, ಎಮ್ಮೆ ಕೆಚ್ಚಲಾ ಅದು?"

ಹಿಂಡುತ್ತಿರುವವರು ಹೈಸ್ಕೂಲ್ ಟೀಚರ್ ವನಜಾಕ್ಷಿ. ಹತ್ತು ವರ್ಷದಿಂದ ಸ್ಕೂಟಿ ಓಡಿಸಿದ ಕೈ. ಎದುರಿಗೆ ಹಾಲಿನ ಕ್ಯಾನಿನ ಸೈಕಲ್ ಬಂದರೆ ಎರಡೂ ಕೈಯ ಬೆರಳುಗಳು ಸ್ಟೇರಿಂಗಿನಲ್ಲಿ ಬ್ರೇಕ್ ಹುಡುಕುತ್ತವೆ. ಕಾರಿನ ಬ್ರೇಕು ಕಾಲಿನಲ್ಲಿದೆ ಎಂಬುದು ನೆನಪಾಗುವಷ್ಟರಲ್ಲಿ ಕಾರು ತಾನಾಗಿ ನಿಂತಿರುತ್ತದೆ. ತಾನಾಗಿ ಎಂದು ಟೀಚರ್ ಅಂದುಕೊಂಡಿದ್ದಾರೆ. ನಿಲ್ಲಿಸಿದ್ದು ಪಕ್ಕದ ಸೀಟಿನ ರಾಮಾಂಜಿನಮ್ಮ.

ನಲವತ್ತನಾಲ್ಕು ವರ್ಷದ ರಾಮಾಂಜಿನಮ್ಮ ಈ ಸ್ಕೂಲಿನ ಒಬ್ಬರೇ ಕಲಿಸುವವರು. ಅವರ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ಬೆಳಿಗ್ಗೆ ಆರು ಜನ, ಸಂಜೆ ಮೂರು ಜನ, ತಲಾ ಅರ್ಧ ಗಂಟೆ. ಈ ಒಂಬತ್ತು ಜನವೂ ದಿನಾ ಯಾರಿಗೂ ಗುದ್ದದೆ ಮನೆ ಸೇರುತ್ತಿದ್ದರೆ ಆ ಎರಡು ಪೆಡಲ್‌ಗಳಿಂದ. ಒಂದು ವಾರದಿಂದ ಇಲ್ಲಿಗೆ ಬರುತ್ತಿದ್ದೇನೆ. ಒಂದು ಬೆಳಿಗ್ಗೆ ಇಂಜಿನ್ ಎಷ್ಟು ಸಲ ಆಫ್ ಆಯಿತೆಂದು ಲೆಕ್ಕ ಇಟ್ಟೆ: ನಲವತ್ತೊಂದು. ಅವರು "ಕ್ಲಚ್" ಅಂದದ್ದನ್ನು ಎಣಿಸಲು ಹೋಗಿ ಇನ್ನೂರಕ್ಕೆ ಕೈಬಿಟ್ಟೆ. ಅವರ ಎಡ ಮಂಡಿಗೆ ಸದಾ ಬ್ಯಾಂಡೇಜ್ ಸುತ್ತಿರುತ್ತದೆ.

"ನೋವು ಮಂಡಿದಲ್ಲಮ್ಮ, ತಲೇದು" ಅನ್ನುತ್ತಾರೆ. "ಅರ್ಧ ಕ್ಲಚ್ ಬುಡಿ ಅಂತೀನಿ. ಪೂರಾ ಬುಡ್ತಾರೆ. ಗಾಡಿ ಕಪ್ಪೆ ಥರ ಎಗರ್ತೈತೆ. ಆಮೇಲೆ ನನ್ನ ಕಡೆ ನೋಡ್ತಾರೆ, ನಾನೇನೋ ಎಗರ್ಸಿದಂಗೆ! ಏಂ ಚೆಪ್ಪಾಲಿ, ಏನಂತ ಹೇಳ್ಬೇಕು ಹೇಳು!"

ಸಿಟ್ಟು ಬಂದಾಗ ಅವರ ಬಾಯಲ್ಲಿ ತೆಲುಗು ಬರುತ್ತದೆ. ಊರು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಹೊಲಗಳೆಲ್ಲ ಸೋಲಾರ್ ಪಾರ್ಕಿಗೆ ಹೋದ ಮೇಲೆ ಕಳೆ ಕೀಳುವ ಕೂಲಿ ನಿಂತು, ಪ್ಯಾನೆಲ್ ತೊಳೆಯುವ ಕೂಲಿ ಶುರುವಾಯಿತು. ನೀರಿನ ಪಿಕಪ್ ಗಾಡಿಯ ಡ್ರೈವರ್ ವಾರಕ್ಕೆರಡು ದಿನ ಬರುತ್ತಲೇ ಇರಲಿಲ್ಲ. ನೀರಿಲ್ಲದೆ ಹನ್ನೆರಡು ಹೆಂಗಸರು ಬಿಸಿಲಲ್ಲಿ ಕೂರಬೇಕು. ಒಂದು ದಿನ ರೋಸಿಹೋಗಿ ಇವರೇ ಹತ್ತಿ ಕೂತರಂತೆ.

"ಎರಡು ತಿಂಗಳು ಬರೀ ಫಸ್ಟ್ ಗೇರಲ್ಲೇ ಓಡಿಸ್ದೆ. ಇನ್ನೂ ನಾಕು ಗೇರು ಅವೆ ಅಂತ ಯಾವ ಪುಣ್ಯಾತ್ಮನೂ ಹೇಳ್ಲಿಲ್ಲ. ಇಂಜಿನ್ ಬೊಬ್ಬೆ ಹೊಡೀತಿತ್ತು. ನಾನು ಹತ್ತಿದ್ದಕ್ಕೆ ಗಾಡಿಗೆ ಸಿಟ್ಟು ಅನ್ಕಂಡಿದ್ದೆ."

ಮುಂದೆ ಪ್ಯಾನೆಲ್ ತೊಳೆಯಲು ಯಂತ್ರ ಬಂತು. ಕೆಲಸ ಹೋಯಿತು, ಕಲಿತ ಡ್ರೈವಿಂಗ್ ಉಳಿಯಿತು. ಶಿರಾದ ಒಂದು ಡ್ರೈವಿಂಗ್ ಸ್ಕೂಲಿಗೆ ಕಲಿಸಲು ಸೇರಿಕೊಂಡರು. ಅಲ್ಲಿ ಎರಡನೇ ವರ್ಷ ಒಬ್ಬ ಹುಡುಗನ, ಓಡಿಸಲು ಕಲಿತಿದ್ದಾನೆ ಎನ್ನುವ ತರಬೇತಿ ಪತ್ರಕ್ಕೆ, ಮಾಲೀಕರ ಒತ್ತಾಯಕ್ಕೆ, ಮನಸ್ಸಿಲ್ಲದೆ ಸಹಿ ಹಾಕಿದರು. ಹದಿನೆಂಟು ದಿನಕ್ಕೆ ಅವನ ಕಾರು ಹಿಂದಕ್ಕೆ ಜಾರಿ, ಹೂ ಮಾರುತ್ತಿದ್ದ ದಾಸಮ್ಮ ಎಂಬುವರ ಕಾಲು ಮುರಿಯಿತು. ಆಮೇಲೆ ಇವರು ಕಲಿಯದವರಿಗೆ ಸಹಿ ಹಾಕುವುದನ್ನು ಬಿಟ್ಟರು. ಶಿರಾದವರು ಇವರನ್ನು ಬಿಟ್ಟರು.

"ಈಗ್ಲೂ ಶಿರಾಕ್ಕೋದ್ರೆ ಅವಮ್ಮನ ಹತ್ರ ಒಂದು ಮೊಳ ಹೂವ ತಗಂತೀನಿ. ಅವಮ್ಮಂಗೆ ನಾನ್ಯಾರಂತ ಗೊತ್ತಿಲ್ಲ."

ಈಗ ಅವರದೊಂದು ಪದ್ಧತಿಯಿದೆ. ತರಬೇತಿ ಮುಗಿಯುವ ದಿನ ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ತೆಗೆದುಕೊಂಡು, ಊಟಕ್ಕೆ ಕೂತಂತೆ ಚಕ್ಕಂಬಕ್ಕಲ ಹಾಕಿ ಕೂರುತ್ತಾರೆ. ಅವರ ಪೆಡಲ್ ಮೇಲೆ ಯಾರ ಕಾಲೂ ಇಲ್ಲ. ಇಪ್ಪತ್ತು ದಿನ ಸಲೀಸಾಗಿ ಓಡಿಸಿದವರ ಅಸಲಿ ಬಣ್ಣ ಆಗ ಬಯಲಾಗುತ್ತದೆ. "ಅಕ್ಕಾ, ಕಾಲು ಕೆಳಗಿಡಿ ಅಕ್ಕಾ" ಎಂದು ಅಳುವವರೂ ಇದ್ದಾರಂತೆ. ಮಧುಗಿರಿಗೆ ಬಂದ ಮೂರು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಜನಕ್ಕೆ ಸಹಿ ಹಾಕಿದ್ದಾರೆ; ಹನ್ನೊಂದು ಜನಕ್ಕೆ ಹಾಕಿಲ್ಲ. ಆ ಹನ್ನೊಂದೂ ಜನ ಬೇರೆ ಊರಿನಿಂದ ಮೂರೇ ದಿನದಲ್ಲಿ ಪತ್ರ ತಂದು ಇವರ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋಗುತ್ತಾರೆ. ಎಲ್ಲರಿಗೂ ಪತ್ರ ಬೇಕು, ಕ್ಲಚ್ಚು ಯಾರಿಗೂ ಬೇಡ. ಬರೆದುಕೊಳ್ಳುತ್ತಿರುವ ನನಗೇ ತಲೆ ಚಿಟ್ಟುಹಿಡಿಯುತ್ತದೆ. ಇವರು ದಿನಾ ಹೇಗೆ ತಡೆದುಕೊಳ್ಳುತ್ತಾರೋ!

ಸ್ಕೂಲಿನ ಮಾಲೀಕ ಪ್ರಸನ್ನ ಕುಮಾರ್ ಅವರಿಗೂ ತಲೆ ಚಿಟ್ಟುಹಿಡಿದಿದೆ, ಕಾರಣ ಬೇರೆ. "ಇಪ್ಪತ್ತು ದಿನ ಅಂತ ಬೋರ್ಡ್ ಬರ್ಸೀವಿ ಮೇಡಂ. ಇವಮ್ಮ ತಿಂಗಳಾದ್ರೂ ಬುಡಲ್ಲ. ಗಿರಾಕಿ ಯಾಕೆ ನಿಲ್ತಾರೆ?" ಈ ಸಲದ ಜಗಳ ಜಯಕುಮಾರ್ ಎಂಬುವರದು. ಕೊರಟಗೆರೆ ಕಡೆಯವರು, ಮೂವತ್ತನಾಲ್ಕು ವರ್ಷ. ಸೋಮವಾರದಿಂದ ಮಿಡಿಗೇಶಿ ಸುತ್ತಿನ ಹಳ್ಳಿಗಳಿಂದ ಹದಿನಾಲ್ಕು ಮಕ್ಕಳನ್ನು ಕರೆತರುವ ಶಾಲೆಯ ವ್ಯಾನಿಗೆ ಡ್ರೈವರ್ ಆಗಿ ಸೇರಬೇಕು. ಇಪ್ಪತ್ತೆಂಟನೇ ದಿನ ಇವತ್ತು. ಇವತ್ತು ಸಹಿ ಹಾಕದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದು ಮಾಲೀಕರು ರಾಮಾಂಜಿನಮ್ಮನಿಗೆ ಹೇಳಿಬಿಟ್ಟಿದ್ದಾರೆ, ನನ್ನೆದುರಿಗೇ.

ಏಳೂವರೆಗೆ ಜಯಕುಮಾರ್ ಬಂದು ಸ್ಟೇರಿಂಗ್ ಹಿಡಿಯುತ್ತಾರೆ. ಹದಿನೈದನೇ ವಯಸ್ಸಿನಿಂದ ಟ್ರ್ಯಾಕ್ಟರ್ ಹೊಡೆದವರು. ಹಳೇ ಟ್ರ್ಯಾಕ್ಟರಿನಲ್ಲಿ ನಿಂತಲ್ಲೇ ಗೇರ್ ಹಾಕಿ ಹೊರಟರೆ ಸಾಲು ಮುಗಿಯುವತನಕ ಅದೇ ಗೇರು. ಅದೇ ಅಭ್ಯಾಸ. ಹೆದ್ದಾರಿಯ ನಡುವೆ ಕಾರನ್ನು ಪೂರ್ತಿ ನಿಲ್ಲಿಸಿ, ಸೆಕೆಂಡ್ ಗೇರ್ ಹಾಕಿ, ಮತ್ತೆ ಹೊರಡುತ್ತಾರೆ. ಮತ್ತೆ ನಿಲ್ಲಿಸಿ ಥರ್ಡ್. ಹಿಂದಿನ ಬಸ್ಸಿನವನು ಕಿಟಕಿಯಿಂದ ತಲೆ ಹೊರಹಾಕಿ ಬೈದದ್ದನ್ನು ಇಲ್ಲಿ ಬರೆಯಲಾರೆ.

"ಓಡ್ತಾ ಓಡ್ತಾನೇ ಹಾಕ್ಬೇಕು ನಾಯನಾ! ನಿಂತ್ಕಂಡು ಹಾಕೋಕೆ ಇದೇನು ಪಂಚೆಯಾ?"

"ಗೇರು ಕಟ್ ಆಯ್ತದೆ ಅಂತ ಭಯ ಅಕ್ಕ."

"ನಿನ್ನ ಭಯಕ್ಕೆ ನಾನು ಕಟ್ ಆಗ್ಬುಡ್ತೀನಿ."

ಜಯಕುಮಾರ್ ನಗುತ್ತಾರೆ, ಆದರೆ ಕತ್ತಿನ ಹಿಂದೆ ಬೆವರು ಇಳಿಯುತ್ತಿದೆ. ನಾನು ಕೊನೆಗೂ ಡೈರಿಯಲ್ಲಿದ್ದ ಒಂದು ಪ್ರಶ್ನೆಯನ್ನು ಮೆಲ್ಲಗೆ ಕೇಳುತ್ತೇನೆ: ನಿಮಗೆ ಏನಾಗಬೇಕು ಅನ್ನಿಸುತ್ತದೆ? ರಾಮಾಂಜಿನಮ್ಮ ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ. "ನಾನು ಸೈನ್ ಹಾಕ್ದೋರು ಎದುರಿಗೆ ಬಂದ್ರೆ ನಾನು ರೋಡ್ ಇಳಿದು ನಿಂತ್ಕೊಳ್ಳೋ ಹಂಗಾಗ್ಬಾರ್ದು. ಅಷ್ಟೇ ಕಣಮ್ಮ."

ಮಿಡಿಗೇಶಿ ರಸ್ತೆಯ ಏರಿನ ನಡುವೆ ಕಾರು ನಿಲ್ಲುತ್ತದೆ. ಮೇಲ್ಗಡೆ ಬೈಕಿಗೊರಗಿ ಪ್ರಸನ್ನ ಕುಮಾರ್ ಕಾಯುತ್ತಿದ್ದಾರೆ. ರಾಮಾಂಜಿನಮ್ಮ ಇಳಿದು, ಹಿಂದಿನ ಚಕ್ರದಿಂದ ಒಂದು ಗೇಣು ಹಿಂದಕ್ಕೆ ನಿಂಬೆಹಣ್ಣು ಇಟ್ಟು, ಉರುಳದಂತೆ ಅದಕ್ಕೊಂದು ಕಲ್ಲಿನ ಚೂರು ಒತ್ತು ಕೊಡುತ್ತಾರೆ. ಕಾರು ಹಿಂದಕ್ಕೆ ಜಾರದೆ ಏರು ಹತ್ತಬೇಕು. ಹೊಸ ಗಾಡಿಯ ಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡುವ ನಮ್ಮ ಕಡೆಯವರಿಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ಹಿಂದೆ ಕಲಿಯಲು ಬಂದಿದ್ದ ಕಾಡಸಿದ್ದಪ್ಪ ಎನ್ನುವವರು ಬೇಕೆಂದೇ ಹಿಂದಕ್ಕೆ ಬಂದು, ಹಣ್ಣನ್ನು ಅಪ್ಪಚ್ಚಿ ಮಾಡಿ, ಸ್ಟೇರಿಂಗಿಗೆ ಕೈಮುಗಿದಿದ್ದರಂತೆ.

"ಇದು ಪೂಜೇದಲ್ಲ, ಪರೀಕ್ಷೆದು. ಒಡೆದ್ರೆ ಫೇಲು" ಎಂದು ಜಯಕುಮಾರ್‌ಗೆ ಹೇಳಿ, ಒಳಗೆ ಬಂದು, ರಾಮಾಂಜಿನಮ್ಮ ಕಾಲು ಮಡಚಿ ಕೂರುತ್ತಾರೆ.

ಅಷ್ಟರಲ್ಲಿ ಹುಲ್ಲಿನ ಹೊರೆ ಹೇರಿಕೊಂಡ ಟಿವಿಎಸ್ ಒಂದು ಏರಲಾರದೆ ಬಂದು ನಮ್ಮ ಹಿಂದೆಯೇ ನಿಲ್ಲುತ್ತದೆ. ಓಡಿಸುತ್ತಿದ್ದ ಮುದುಕಪ್ಪನ ಮುಖ ಹಿಂದಿನ ಗಾಜಿನ ತುಂಬ ಕಾಣುತ್ತದೆ. ಜಯಕುಮಾರ್ ಬ್ರೇಕಿನಿಂದ ಕಾಲು ತೆಗೆಯುತ್ತಾರೆ. ಇಂಜಿನ್ ಇನ್ನೂ ಹಿಡಿದಿಲ್ಲ. ಕಾರು ಹಿಂದಕ್ಕೆ ಅಲುಗುತ್ತದೆ. ರಾಮಾಂಜಿನಮ್ಮನ ಎರಡೂ ಕಾಲು ದಬಕ್ಕನೆ ಕೆಳಗಿಳಿಯುತ್ತವೆ. ಬ್ರೇಕ್ ಹಿಡಿದು, ಕ್ಲಚ್ಚನ್ನು ಅರ್ಧಕ್ಕೆ ತಂದು, ಬ್ರೇಕ್ ಬಿಡುತ್ತಾರೆ. ಕಾರು ಬೆಣ್ಣೆಯ ಹಾಗೆ ಏರು ಹತ್ತುತ್ತದೆ.

ಪ್ರಸನ್ನ ಕುಮಾರ್ ಚಪ್ಪಾಳೆ ತಟ್ಟುತ್ತಾ ಇಳಿದು ಹೋಗಿ, ಒಡೆಯದ ನಿಂಬೆಹಣ್ಣನ್ನು ಎತ್ತಿಕೊಂಡು ಬರುತ್ತಾರೆ. ಇನ್ನೊಂದು ಕೈಯಲ್ಲಿ ತರಬೇತಿ ಪತ್ರ, ಪೆನ್ನು.

"ನೋಡಿ, ಗೀರೂ ಬಿದ್ದಿಲ್ಲ. ಹಾಕಿ ಸೈನು."

"ಒತ್ತಿದ್ದು ನಾನು ಸಾರ್. ಹಿಂದೆ ಮುದುಕಪ್ಪ ಇದ್ದ. ಇವನಲ್ಲ ಹತ್ತಿಸಿದ್ದು."

"ನೀವು ಯಾವಾಗ್ಲೂ ಅಂಗೇ ಅನ್ನದು ಬುಡಿ. ಏನಪ್ಪ ಜಯಕುಮಾರ, ಹತ್ತಿಸ್ದೆ ತಾನೇ?"

ಜಯಕುಮಾರ್ ಸ್ಟೇರಿಂಗಿನ ಮೇಲೆ ಹೆಬ್ಬೆರಳು ಉಜ್ಜುತ್ತಾ ಕೂತಿದ್ದಾರೆ. ರಾಮಾಂಜಿನಮ್ಮ ಪೆನ್ನು ತೆಗೆದುಕೊಳ್ಳದೆ, ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾರೆ, ಇಳಿದು ಹೊರಟೇ ಬಿಡುವವರಂತೆ.

ಪ್ರಸನ್ನ ಕುಮಾರ್ ಹಿಂದಿನ ಕಿಟಕಿಗೆ ಬಗ್ಗುತ್ತಾರೆ. "ಮೇಡಂ, ನೀವು ಪೇಪರ್‌ನೋರು, ಒಳಗೇ ಕೂತಿದ್ರಿ. ನೀವೇ ಹೇಳ್ಬುಡಿ. ಚೆನ್ನಾಗಿ ಹತ್ತಿಸಿದ್ರು ತಾನೇ?"

ಮೂವರ ಕಣ್ಣೂ ನನ್ನ ಮೇಲಿದೆ. ಜಯಕುಮಾರ್ ಕನ್ನಡಿಯಲ್ಲಿ ನೋಡುತ್ತಿದ್ದಾರೆ. ಆ ನೋಟ ಏನು ಬೇಡುತ್ತಿದೆ ಎಂದು ನನಗೆ ಗೊತ್ತು.

"ಇಲ್ಲ ಸಾರ್" ಅನ್ನುತ್ತೇನೆ. "ಇವರಿಗೆ ಇನ್ನೂ ಬಂದಿಲ್ಲ."