ಹುಲ್ಲಿನ ಹೊರೆಗೆ ಮುಚ್ಚಿದ ಗೇಟು

ಗೇಟು ಕಿತ್ತವನು ನಾನೇ. ಬೆಳಿಗ್ಗೆ ಏಳು ಗಂಟೆಗೆ, ವಾಕಿಂಗಿಗೆ ಬಂದವರೆಲ್ಲ ನೋಡುತ್ತಿರುವಾಗಲೇ ಕಿತ್ತೆ. ನಮ್ಮ ವಾಕಿಂಗ್ ಬಳಗದವರು ಕ್ಷಮಾಪಣೆ ಪತ್ರ ಕೇಳಿದ್ದಾರೆ. ಕೊಡುವುದಿಲ್ಲ. ನಾನು ತಪ್ಪು ಮಾಡಿರುವುದು ನಿಜ, ಆದರೆ ಅದು ಗೇಟು ಕಿತ್ತದ್ದಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿದ್ದೆ. ಮೈಸೂರಿನ ಹೊರಗೆ, ಹೊಲಗಳ ನಡುವೆ, ಮೀಟರ್ ಗೇಜ್ ಲೈನಿನ ಮೇಲೆ ನನ್ನ ಗೇಟು. ಅಲ್ಲಿ ಗಾಡಿಗಳ ಓಡಾಟ ಕಡಿಮೆ, ಹಾಗಾಗಿ ಗೇಟು ಸದಾ ಮುಚ್ಚಿಯೇ ಇರಬೇಕೆಂಬ ನಿಯಮ. ಎತ್ತಿನ ಗಾಡಿಯವರು ಬಂದು ಕೂಗಿದರೆ ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿ, ತೆಗೆದು, ದಾಟಿಸಿ, ಮತ್ತೆ ಬೀಗ ಹಾಕಬೇಕು. ತೆರೆದಿಟ್ಟರೆ ಕೆಲಸ ಹೋಗುತ್ತದೆ. ಮುಚ್ಚಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಈ ಬುದ್ಧಿ ಕೈಗೇ ಹತ್ತಿಬಿಟ್ಟಿತ್ತು.

ಬ್ರಾಡ್ ಗೇಜ್ ಬಂದಾಗ ಹೊಸ ಲೈನು ಬೇರೆ ಕಡೆ ಹೋಯಿತು. ಹಳೆಯದರ ಕಂಬಿ, ಸ್ಲೀಪರುಗಳನ್ನು ಎತ್ತಿಕೊಂಡು ಹೋದರು. ಬಹಳ ವರ್ಷ ಪಾಳು ಬಿದ್ದಿದ್ದ ಆ ದಾರಿಗೆ ಈಚೆಗೆ ಮಣ್ಣು ಹಾಕಿ, ಕಲ್ಲು ಬೆಂಚು ಇಟ್ಟು ನಡೆಯುವ ಹಾದಿ ಮಾಡಿದರು. ಹೊಂಗೆ ಮರಗಳ ನೆರಳು, ಎದುರಿಗೆ ಚಾಮುಂಡಿ ಬೆಟ್ಟ. ಚಾಮರಾಜಪುರದಿಂದೆಲ್ಲ ಕಾರಿನಲ್ಲಿ ಬರತೊಡಗಿದರು. ನಾನೂ ಕುಂಬಾರಕೊಪ್ಪಲಿನ ಮನೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದೆ.

ಹುಡುಗರು ಹಾದಿಯಲ್ಲಿ ಬೈಕ್ ಓಡಿಸುತ್ತಾರೆಂದು ಬಳಗದವರು ಅಡ್ಡಲಾಗಿ ಕಬ್ಬಿಣದ ಗೇಟು ಹಾಕಿಸಿದರು. ಪಕ್ಕದಲ್ಲಿ ಒಬ್ಬರು ಮೈ ತಿರುಗಿಸಿಕೊಂಡು ಹೋಗುವಷ್ಟು ಸಂದು. ಬೀಗದ ಕೈ ನನಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಹಾದಿಯ ಕೊನೆಯ ಹಳ್ಳಿಯ ಹೆಂಗಸೊಬ್ಬಳು ರೈಲು ಓಡುತ್ತಿದ್ದ ಕಾಲದಿಂದಲೂ ಲೈನಿನ ಅಂಚಿನಲ್ಲಿ ಎಮ್ಮೆಗೆ ಹುಲ್ಲು ಕೊಯ್ದು, ಹೊರೆ ಹೊತ್ತು ನಡೆಯುತ್ತಿದ್ದವಳು. ಆ ಸಂದಿನಲ್ಲಿ ಹೊರೆ ತೂರಲಿಲ್ಲ.

"ಸ್ವಾಮಿ, ವಸಿ ಗೇಟ್ ತಗೀರಿ."

"ತಗಿಯಂಗಿಲ್ಲ ಕಣಮ್ಮ, ರೂಲ್ಸು. ರೋಡಲ್ಲಿ ಸುತ್ಕೊಂಡು ಹೋಗು."

"ನಿಮ್ ರೈಲು ಓಗಿ ಯಾವ್ ಕಾಲ ಆಯ್ತು! ಇನ್ನೂ ಯಾವ್ದು ಬತ್ತದೆ ಅಂತ ಗೇಟ್ ಆಕ್ಕೊಂಡು ನಿಂತಿದ್ದೀರಿ?"

ಸುತ್ತ ಇದ್ದವರು ನಕ್ಕರು. ಆ ನಗು ನನಗೆ ಚುಚ್ಚಿತು. ರೂಲ್ಸು ಅಂದದ್ದು ಬರೀ ಬಾಯಿಮಾತು. ಮಾರನೆಯ ದಿನದಿಂದ ನಾನು ತೆಗೆಯದೇ ಇದ್ದದ್ದು ಆ ನಗುವಿಗಾಗಿ.

ಅದೇ ವಾರ ಬಳಗದ ಅಧ್ಯಕ್ಷರು ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಅವರು ಕೇಳುವ ಮೊದಲೇ ಬೀಗ ತೆಗೆದು ಗೇಟು ಹಿಡಿದು ನಿಂತೆ. ಆಚೆ ಬದಿಯಲ್ಲಿ ಆ ಹೆಂಗಸು ಹೊರೆ ಹೊತ್ತು ನಿಂತಿದ್ದಳು. ತಳ್ಳುಗಾಡಿ ದಾಟಿದ್ದೇ ನಾನು ಗೇಟು ಮುಚ್ಚಿದೆ. ಆಕೆ ರೋಡಿನ ಕಡೆ ತಿರುಗಿದಳು. ಮುಚ್ಚಿದ್ದು ಈ ಕೈ. ಇದನ್ನು ಹೇಳಲು ಇಷ್ಟು ಬರೆಯಬೇಕಾಯಿತು.

ಕೆಲವು ದಿನಗಳಲ್ಲೇ ರೋಡಿನಲ್ಲಿ ಸ್ಕೂಟರೊಂದು ಹೊರೆಗೆ ತಗುಲಿ ಆಕೆ ಬಿದ್ದಳು. ಬಲಗೈ ಮುರಿಯಿತು. ಟೀ ಅಂಗಡಿಯವನಿಂದ ವಿಷಯ ತಿಳಿದು ಅವಳ ಮನೆಗೆ ಹೋದೆ. ಕೈಗೆ ಪಟ್ಟಿ ಹಾಕಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು.

"ತಪ್ಪಾಯ್ತು ಕಣಮ್ಮ," ಅಂದೆ.

"ತಪ್ಪಾಯ್ತು ಅಂತ ನನ್ ಕೈಗ್ ಏಳಿ ಏನಾಗ್ಬೇಕು? ನಾಳೆಯಿಂದ ನಮ್ ಸೊಸೆ ಉಲ್ಲಿಗೆ ಓಯ್ತಳೆ. ಅವಳ್ನೂ ರೋಡ್ಗೇ ಅಟ್ಟೀರಾ?"

ಅವತ್ತೇ ಸಂಜೆ ಅಧ್ಯಕ್ಷರ ಹತ್ತಿರ ಹೋಗಿ ಗೇಟು ತೆರೆದಿಡೋಣ ಅಂದೆ.

"ಒಬ್ಬಳಿಗೋಸ್ಕರ ತೆಗೆದಿಟ್ರೆ ಬೈಕಿನವರೆಲ್ಲ ನುಗ್ತಾರೆ ಕಣ್ರೀ. ಮುಂದಿನ ತಿಂಗಳು ಮೀಟಿಂಗಲ್ಲಿ ಮಾತಾಡೋಣ."

"ಹುಲ್ಲು ನಾಳೆ ಬೆಳಿಗ್ಗೇನೇ ಬರುತ್ತೆ ಸಾರ್."

"ಹಾಗಾದ್ರೆ ಬೀಗದ ಕೈ ಇಲ್ಲಿ ಕೊಟ್ಟುಬಿಡಿ."

ಕೊಟ್ಟೆ. ಬೆಳಿಗ್ಗೆ ಸ್ಪ್ಯಾನರ್ ತೆಗೆದುಕೊಂಡು ಬಂದೆ. ಬೀಗ ಮುಟ್ಟಲಿಲ್ಲ, ಕೀಲಿನ, ಚಿಲಕದ ಬೋಲ್ಟುಗಳನ್ನು ಬಿಚ್ಚಿದೆ. "ಏನ್ರೀ ಇದು, ಪೊಲೀಸಿಗೆ ಹೇಳ್ತೀವಿ," ಅಂದರು ಬಳಗದವರು. "ಹೇಳಿ, ಹೆಸರು ಬರ್ಕೊಳಿ," ಅಂದೆ. ಗೇಟು ಭಾರ, ಒಬ್ಬನ ಕೈಲಿ ಏಳಲಿಲ್ಲ. ವಾಕಿಂಗಿಗೆ ಬರುವ ಮೇಡಂ ಒಬ್ಬರು ನೀರಿನ ಬಾಟಲಿಯನ್ನು ಬೆಂಚಿನ ಮೇಲಿಟ್ಟು ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಪಕ್ಕದ ಹೊಂಗೆ ಮರಕ್ಕೆ ಒರಗಿಸಿದೆವು. ಸ್ವಲ್ಪ ಹೊತ್ತಿಗೆ ಸೊಸೆ ಹೊರೆ ಹೊತ್ತು ಬಂದಳು, ನಮ್ಮ ಕಡೆ ನೋಡದೆ ನೆಟ್ಟಗೆ ದಾಟಿ ಹೋದಳು.

ಈಗ ದಿನವೂ ಬೆಳಿಗ್ಗೆ ಅಲ್ಲಿ ಕೂರುತ್ತೇನೆ. ಬೈಕಿಗೂ ಹುಲ್ಲಿಗೂ ಇರುವ ವ್ಯತ್ಯಾಸ ಗೇಟಿಗೆ ಗೊತ್ತಾಗುವುದಿಲ್ಲ, ಮನುಷ್ಯನಿಗೆ ಗೊತ್ತಾಗುತ್ತದೆ. ಬಳಗದವರು ಮತ್ತೆ ಗೇಟು ಹಾಕಿಸಿದರೆ ಮತ್ತೆ ಕೀಳುತ್ತೇನೆ. ಮೊದಲೇ ಹೇಳಿ ಕೀಳುತ್ತೇನೆ.

ನಿನ್ನೆ ಆ ಹೆಂಗಸು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಪಟ್ಟಿ ಬಿಚ್ಚಿದ್ದಾರೆ, ಆದರೆ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಇನ್ನು ಹೊರೆ ಹೊರುವಂತಿಲ್ಲ. ಎತ್ತಿ ತೋರಿಸಿದಳು, ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಬೈಕೊಂದು ಹಾರನ್ ಹೊಡೆಯುತ್ತ ಹಾದಿಗೆ ನುಗ್ಗಿತು. ಎದ್ದು ನಡುಮಧ್ಯದಲ್ಲಿ ನಿಂತೆ.

"ಸಾಯ್ತೀಯ ತಾತ, ಸೈಡಿಗೆ ಹೋಗು!"

"ಮೈಮೇಲೆ ಹತ್ಸು ನೋಡಾನ."

ಅವನು ಎಂಜಿನ್ ಒದರಿಸಿದ, ಬೈದ, ಕೊನೆಗೆ ತಿರುಗಿಸಿಕೊಂಡು ಹೋದ. ನನ್ನ ಬೆನ್ನ ಹಿಂದೆ ಸೊಸೆ ಹೊರೆ ಹೊತ್ತು ಬರುತ್ತಿದ್ದಳು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.