ಬೋರ್ಡಿನ ಬಾಯಿ ಕಲಿಸಿದ ಸಣ್ಣ ಶಬ್ದಗಳು

ಅವರ ಎಡಗಿವಿಗೆ ಓಲೆ ಇರುತ್ತಿರಲಿಲ್ಲ. ಬಲಗಿವಿಯಲ್ಲಿ ಮುತ್ತಿನ ಬೆಂಡೋಲೆ, ಎಡಗಿವಿ ಬೋಳು. ವರ್ಷಾನುಗಟ್ಟಲೆ ಟೆಲಿಫೋನಿನ ಹೆಡ್‌ಸೆಟ್ ಒತ್ತಿ ಒತ್ತಿ ಅದರ ಅಂಚು ಚಪ್ಪಟೆಯಾಗಿತ್ತು, ಓಲೆಯ ತೂತೂ ಮುಚ್ಚಿಹೋಗಿತ್ತು. ಯಾರಾದರೂ ಮಾತಾಡಿಸಿದರೆ ಅವರು ಮುಖ ತಿರುಗಿಸುತ್ತಿರಲಿಲ್ಲ, ಆ ಬೋಳು ಕಿವಿಯನ್ನು ತಿರುಗಿಸುತ್ತಿದ್ದರು. ಮೊದಲ ದಿನ ಅದನ್ನು ಕಂಡು ಯಾಕೋ ನನ್ನ ಮೈ ಜುಮ್ಮೆಂದಿತು.

ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಅವರು ಟೆಲಿಫೋನ್ ಬೋರ್ಡು ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ‘ಬಾಯಿ’ ಎಂದರೆ ಹೆಂಗಸರಿಗೆ ಕೊಡುವ ಮರ್ಯಾದೆ. ಹಾಗಾಗಿ ಇಡೀ ಗಿರಣಿಗೆ ಅವರು ‘ಬೋರ್ಡಿನ ಬಾಯಿ’. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನವಿ ಪೇಠದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಯಾರ ಯಾರದೋ ಕೈಕಾಲು ಹಿಡಿದು ನನ್ನನ್ನು ಅವರ ಕೈಕೆಳಗೆ ಸೇರಿಸಿದ. ದಿನಾ ಅಕ್ಕಲಕೋಟೆಯಿಂದ ಎಸ್.ಟಿ. ಬಸ್ಸಿನಲ್ಲಿ ಬರುತ್ತಿದ್ದೆ. ಅಪ್ಪ ಒಪ್ಪಿದ್ದು ಒಂದೇ ಕರಾರಿನ ಮೇಲೆ: ದೀಪಾವಳಿಯೊಳಗೆ ಕೆಲಸ ಕಾಯಂ ಆಗಬೇಕು, ಇಲ್ಲದಿದ್ದರೆ ತಾವು ತೋರಿಸಿದ ಗಂಡಿಗೆ ಕೊರಳು ಕೊಡಬೇಕು. ಆ ಗಂಡನ್ನು ನಾನು ನೋಡಿದ್ದೆ. ಆದ್ದರಿಂದ ಕೆಲಸದ ಮೇಲೆ ಪ್ರಾಣವನ್ನೇ ಇಟ್ಟಿದ್ದೆ.

ಅಡ್ಡ ಬಂದದ್ದು ಇಂಗ್ಲಿಷು. ಮ್ಯಾಟ್ರಿಕ್‌ವರೆಗೆ ನನ್ನ ಇಂಗ್ಲಿಷ್ ಕಾಗದದ ಮೇಲೆ ಚೆನ್ನಾಗಿಯೇ ನಡೆದಿತ್ತು. ನಾಲಿಗೆಯ ಮೇಲೆ ಬಂದ ಕೂಡಲೇ ಕುಂಟತೊಡಗಿತು. ಗಿರಣಿಯೊಳಗೆ ಕನ್ನಡ, ಮರಾಠಿ, ತೆಲುಗು ಎಲ್ಲವೂ ನಡೆಯುತ್ತಿದ್ದವು. ಮ್ಯಾನೇಜರ್ ಸಾಹೇಬರಿಗೂ ಮುಂಬಯಿ ಆಫೀಸಿಗೂ ಮಾತ್ರ ಫೋನಿನಲ್ಲಿ ಇಂಗ್ಲಿಷೇ ಬೇಕು. ಒಂದು ದಿನ ಮುಂಬಯಿಯ ದೊಡ್ಡವರಿಗೆ, ಸಾಹೇಬರಿಗೆ ಫೋನು ಕೂಡಿಸುತ್ತೇನೆ ಎನ್ನಲು ಹೋಗಿ ‘ಐ ವಿಲ್ ಪುಟ್ ಯು ಔಟ್, ಸರ್’ ಎಂದೆ. ನಿಮ್ಮನ್ನು ಹೊರಗೆ ಹಾಕುತ್ತೇನೆ ಎಂದಂತಾಯಿತು. ಸಾಹೇಬರು ಕ್ಯಾಬಿನ್ನಿನಿಂದ ಎದ್ದು ಬಂದು, ಇಂಥದ್ದು ಇನ್ನೊಂದು ಸಲ ಆದರೆ ಹೊರಗೆ ಹೋಗುವವಳು ನೀನೇ ಎಂದು ಮರಾಠಿಯಲ್ಲಿ ಹೇಳಿ ಹೋದರು.

ಅವರು ಹೋದ ಮೇಲೆ ಬಾಯಿ ತಮ್ಮ ಡಬ್ಬಿ ಬಿಚ್ಚಿ ಕಡಕ್ ರೊಟ್ಟಿ ಮುರಿದು ನನ್ನ ಕೈಗಿಟ್ಟರು.

“ಅಳಬ್ಯಾಡ ಪೋರಿ. ಇಂಗ್ಲಿಷಿನ್ಯಾಗ ದೊಡ್ಡ ಶಬ್ದಕ್ಕ ಯಾರೂ ಸಾಯೂದಿಲ್ಲ. ಸಣ್ಣವ ಅದಾವ ನೋಡು, ಇನ್, ಔಟ್, ಆನ್, ಆಫ್... ಅವೇ ಮನಿ ಮುರೀತಾವ. ಪುಟ್ ಅಂದ್ರ ಇಡೂದು. ಹೌದಿಲ್ಲ? ಬಾಜೂಕ ಥ್ರೂ ಕುಂತ್ರ ಕೂಡಿಸೂದು, ಆಫ್ ಕುಂತ್ರ ಮುಂದೂಡೂದು, ಔಟ್ ಕುಂತ್ರ ದೀಪ ಆರಿಸೂದು.”

ಅವರು ಪುಸ್ತಕ ಹಿಡಿದು ಕಲಿಸಲಿಲ್ಲ. ಹೆಡ್‌ಸೆಟ್ ಹಾಕಿದರೆ ‘ಪುಟ್ ಆನ್’, ತೆಗೆದರೆ ‘ಟೇಕ್ ಆಫ್’, ಲೈನು ಸಿಕ್ಕರೆ ‘ಗೆಟ್ ಥ್ರೂ’, ನಡುವೆ ಕಡಿದರೆ ‘ಕಟ್ ಆಫ್’. ಕೈ ಮಾಡಿದ್ದನ್ನು ನಾಲಿಗೆ ಹೇಳಬೇಕು. ಚಟ್ನಿ ಮುಗಿದರೂ ‘ವಿ ಹ್ಯಾವ್ ರನ್ ಔಟ್’ ಎನ್ನದೆ ಇನ್ನೊಬ್ಬರ ಡಬ್ಬಿಗೆ ಕೈ ಹಾಕುವಂತಿರಲಿಲ್ಲ. ಆದರೆ ಇವೆಲ್ಲಕ್ಕಿಂತ ಮೊದಲು ಕಲಿಸಿದ ವಾಕ್ಯ ಬೇರೆ. ‘ಎಕ್ಸ್‌ಕ್ಯೂಸ್ ಮಿ ಫಾರ್ ಬ್ರೇಕಿಂಗ್ ಇನ್, ಸರ್.’ ಮಾತಿನ ನಡುವೆ ಬಂದದ್ದಕ್ಕೆ ಕ್ಷಮಿಸಿ ಎಂದು. ಅದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತೆ ನನ್ನಿಂದ ಉರು ಹೊಡೆಸಿದರು. ನಮಸ್ಕಾರ ಹೇಳುವುದನ್ನು ಕಲಿಸುವ ಮೊದಲೇ ಸಾಹೇಬರ ಮಾತಿಗೆ ಅಡ್ಡ ಬಾಯಿ ಹಾಕುವುದನ್ನು ಯಾಕೆ ಕಲಿಸುತ್ತಾರೋ ನನಗೆ ತಿಳಿಯಲಿಲ್ಲ.

ಇನ್ನೊಂದು ಕಟ್ಟಳೆಯಿತ್ತು. “ಹೋಲ್ಡ್ ಆನ್ ಅಂದ್ರ ಫೋನ್ ಹಿಡಕೊಂಡು ನಿಂದರು ಅಂತ. ಹಂಗಂದ ಮ್ಯಾಲೆ ನೀ ಹೊಳ್ಳಿ ಬರಬೇಕು. ಅದು ಮಾತ್ ಕೊಟ್ಟಂಗ. ಅವರು ಫೋನ್ ಇಡೂತನಕ ನೀ ಇಡೂಹಂಗಿಲ್ಲ.”

ಬೋರ್ಡಿನಲ್ಲಿ ಗಿರಣಿಯ ಒಂದೊಂದು ವಿಭಾಗಕ್ಕೂ ಒಂದೊಂದು ತೂತು, ಅದರ ಮೇಲೊಂದು ಚಿಕ್ಕ ತಗಡಿನ ಮುಚ್ಚಳ. ಆ ಕಡೆಯವರು ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಹದಿನೇಳನೆಯದು ನೂಲಿಗೆ ಬಣ್ಣ ಹಾಕುವ ಹಳೆಯ ರಂಗಖಾನೆಯದು. ಅಲ್ಲಿ ಈಗ ಮಸಿ ಹಿಡಿದ ಗೋಡೆಗಳು ಬಿಟ್ಟರೆ ಏನೂ ಇರಲಿಲ್ಲ. ಫೋನೂ ಇಲ್ಲ, ತಂತಿಯೂ ಇಲ್ಲ. ಆದರೂ ಆ ಮುಚ್ಚಳ ಆಗಾಗ ಬೀಳುತ್ತಿತ್ತು. ಬಿದ್ದಾಗಲೆಲ್ಲ ಬಾಯಿ ಪ್ಲಗ್ಗು ಸಿಕ್ಕಿಸಿ, ಬೋಳು ಕಿವಿ ಕೊಟ್ಟು ಸುಮ್ಮನೆ ಕೂಡುತ್ತಿದ್ದರು. ಆಮೇಲೆ ಮೆಲ್ಲಗೆ, “ಇದ್ದೀನ್ರಿ, ಇದ್ದೀನಿ,” ಎನ್ನುತ್ತಿದ್ದರು.

“ಮಗ್ಗದ ನಡುಕಕ್ಕ ಬೀಳ್ತದ, ಅದಕ್ಕ್ಯಾಕ ಅಂಜ್ತಿ,” ಎಂದು ವಾಯರ್‌ಮನ್ ನಕ್ಕ. ನಾನೂ ಅದನ್ನೇ ನಂಬಿದೆ. ನಂಬದೆ ಆ ಕೋಣೆಯಲ್ಲಿ ಕೂಡುವುದು ಹೇಗೆ?

ಗಿರಣಿಗೆ ವಾರದ ರಜೆ ಇದ್ದ ಒಂದು ಮಧ್ಯಾಹ್ನ ನಾವಿಬ್ಬರೇ ಬೋರ್ಡಿನ ಮುಂದಿದ್ದೆವು. ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಅಷ್ಟು ದೊಡ್ಡ ಗಿರಣಿ ಸುಮ್ಮನಾದರೆ ಕಿವಿಯೇ ನೋಯುತ್ತದೆ. ಆಗ ಹದಿನೇಳು ಟಪ್ಪೆಂದು ಬಿತ್ತು. ನನ್ನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಬಾಯಿ ಹೆಡ್‌ಸೆಟ್ ತೆಗೆದು ನನ್ನ ಕಿವಿಗಿಟ್ಟರು. ಸತ್ತ ಲೈನಿನ ಮೌನ ನನಗೆ ಗೊತ್ತಿತ್ತು, ಇದು ಅದಲ್ಲ. ಖಾಲಿ ಕೊಡಕ್ಕೆ ಕಿವಿಯಿಟ್ಟ ಹಾಗಿತ್ತು.

“ಯಾರ್ರಿ ಬಾಯಿ?” ಎಂದೆ.

“ರಂಗಖಾನಿ ಮುಕಾದಮ, ಅಲ್ಲಿ ಆಳುಗಳ ಮ್ಯಾಲಿನವ. ಭಾಳ ವರ್ಷ ಆತು. ಹಬೆಯ ಹಂಡೆ ಏನೋ ಸದ್ದು ಮಾಡಾಕತ್ತೇದ, ಸಾಹೇಬ್ರಿಗೆ ಲಗೂ ಕೊಡ್ರಿ ಅಂದ. ಸಾಹೇಬ್ರು ಮುಂಬಯಿಯವ್ರ ಜೋಡಿ ಇಂಗ್ಲಿಷಿನ್ಯಾಗ ಮಾತಾಡಾಕತ್ತಿದ್ರು. ಅವರ ನಡಕ ಬಾಯಿ ಹಾಕಾಕ ನನಗ ಇಂಗ್ಲಿಷ್ ಎಲ್ಲಿ ಬರ್ತಿತ್ತು? ಅಂಜಿಕಿ. ಅವಂಗ ಹೋಲ್ಡ್ ಆನ್ ಅಂದೆ. ಅದೊಂದು ಬರ್ತಿತ್ತು.” ಬಗ್ಗಿ ಕೆಳಗೆ ಬಿದ್ದ ರೊಟ್ಟಿಯನ್ನು ಎತ್ತಿಟ್ಟರು. “ಹಂಡೆ ಒಡೀತು. ಉಳಿದವರು ಓಡಿ ಪಾರಾದ್ರು. ಅವನ ಹೆಣ ತಗದಾಗ ಫೋನ್ ಅವನ ಕೈಯಾಗೇ ಇತ್ತಂತ. ನಾ ಹಿಡಕೊಂಡು ನಿಂದರು ಅಂದಿದ್ನಲ್ಲ, ನಿಂತಾನ.”

ಆ ದಿನ ದಾರಿಯ ಕುಂಭಾರಿ ಊರು ದಾಟುವ ತನಕ ಬಸ್ಸಿನಲ್ಲಿ ಮುಖಕ್ಕೆ ಸೆರಗು ಒತ್ತಿಕೊಂಡು ಕೂತಿದ್ದೆ. ಮುಕಾದಮನಿಗಾಗಿ ಅತ್ತೆನೋ ಬಾಯಿಗಾಗಿ ಅತ್ತೆನೋ ಈಗಲೂ ಹೇಳಲಾರೆ.

ನವರಾತ್ರಿಯ ಹೊತ್ತಿಗೆ ಬಾಯಿ ಹಾಸಿಗೆ ಹಿಡಿದರು. ಅಕ್ಕಲಕೋಟೆಯಲ್ಲಿ ಅವರ ತಮ್ಮನ ಮನೆ, ನಮ್ಮ ಓಣಿಗೆ ದೂರವಲ್ಲ. ನೋಡಲು ಹೋದಾಗ ನನ್ನ ಕೈ ಹಿಡಿದರು. ಆ ಕೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ.

“ಇನ್ನ ನಾ ಬೋರ್ಡಿಗೆ ಹೊಳ್ಳಿ ಬರೂದಿಲ್ಲ. ಒಂದು ಕೆಲಸ ಮಾಡ್ತಿ? ಅವಂಗ ಸಾಹೇಬ್ರನ್ನ ಕೂಡಿಸು. ಅವ ಕೇಳಿದ್ದು ಅಷ್ಟ. ನನಗ ಇಷ್ಟು ವರ್ಷ ಧೈರ್ಯ ಆಗಲಿಲ್ಲ. ಹುಚ್ಚಿ ಅಂತ ಹೊರಗ ಹಾಕ್ತಾರಂತ ಅಂಜಿದೆ.”

“ನನ್ನೂ ಹಾಕ್ತಾರಲ್ರಿ ಬಾಯಿ,” ಎಂದೆ. ಅವರು ಬೋಳು ಕಿವಿಯನ್ನು ನನ್ನ ಕಡೆ ತಿರುಗಿಸಿ ಮಲಗಿದರು. ನಾನು ಮಾತು ಕೊಡದೆಯೇ ಎದ್ದು ಬಂದೆ.

ದೀಪಾವಳಿ ಹತ್ತಿರವಾಯಿತು. ಕಾಯಂ ಮಾಡುವ ಕಾಗದ ಸಾಹೇಬರ ಮೇಜಿನ ಮೇಲಿದೆ ಎಂದು ಆಫೀಸಿನವರು ಹೇಳಿದರು. ಅಂದು ಮಧ್ಯಾಹ್ನ ಸಾಹೇಬರು ಮುಂಬಯಿಯವರೊಂದಿಗೆ ಮಾತಾಡುತ್ತಿದ್ದಾಗ ಹದಿನೇಳು ಬಿತ್ತು. ನೋಡಿಯೂ ನೋಡದಂತೆ ಕೂತೆ. ಮುಚ್ಚಳವನ್ನು ಬೆರಳಿನಿಂದ ಮೇಲೆತ್ತಿದೆ, ಮತ್ತೆ ಬಿತ್ತು. ಅಪ್ಪ, ಆ ಗಂಡು, ಸಾಹೇಬರ ಮೇಜು ಎಲ್ಲವೂ ಕಣ್ಣ ಮುಂದೆ ಬಂದವು. ಕಡೆಗೆ ಫೋನು ಹಿಡಿದುಕೊಂಡೇ ನಿಂತ ಆ ಕೈಯೂ ಬಂತು. ಪ್ಲಗ್ಗು ಸಿಕ್ಕಿಸಿದೆ. ಅದೇ ಖಾಲಿ ಕೊಡದ ಸದ್ದು. ಸಾಹೇಬರ ಲೈನಿಗೆ ಹೋದೆ.

“ಎಕ್ಸ್‌ಕ್ಯೂಸ್ ಮಿ ಫಾರ್ ಬ್ರೇಕಿಂಗ್ ಇನ್, ಸರ್. ದಿ ಡೈ ಹೌಸ್ ಹ್ಯಾಸ್ ಬೀನ್ ಹೋಲ್ಡಿಂಗ್ ಆನ್ ಫಾರ್ ಯು.”

ರಂಗಖಾನೆಯವರು ನಿಮಗಾಗಿ ಕಾದಿದ್ದಾರೆ, ಎಂದು. ಒಂದು ತಪ್ಪೂ ಇಲ್ಲದ ಇಂಗ್ಲಿಷು. ಹಂಡೆ ಒಡೆದ ದಿನವೂ ಇದೇ ಸಾಹೇಬರೇ ಆ ಕುರ್ಚಿಯಲ್ಲಿದ್ದವರು. ಬೈಗುಳಕ್ಕೆ ಕಾದೆ. ಬರಲಿಲ್ಲ. ಅವರ ಉಸಿರು ಮಾತ್ರ ಕೇಳಿಸಿತು. ಆಮೇಲೆ ಯಾರದೋ ಎಂಬಂಥ ದನಿಯಲ್ಲಿ, “ಪುಟ್ ಹಿಮ್ ಥ್ರೂ,” ಎಂದರು.

ಕೂಡಿಸಿದೆ. ಇಬ್ಬರ ನಡುವೆ ಕದ್ದು ಕೇಳಬಾರದೆಂಬುದು ಬೋರ್ಡಿನ ಧರ್ಮ. ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ಬಹಳ ಹೊತ್ತಿನ ಮೇಲೆ ಎತ್ತಿ ಕಿವಿಗಿಟ್ಟಾಗ, ಆ ಕಡೆ ಯಾರೋ ಫೋನನ್ನು ಮೆಲ್ಲಗೆ ಅದರ ಜಾಗದಲ್ಲಿ ಇಟ್ಟ ಸದ್ದಾಯಿತು. ಅಷ್ಟೇ.

ಸಾಹೇಬರು ಹೊರಗೆ ಬಂದರು. ಕ್ಯಾಬಿನ್ನಿನ ಬಾಗಿಲು ಹಿಡಿದು ನಿಂತು ಬೋರ್ಡನ್ನು ನೋಡಿದರು, ನನ್ನನ್ನಲ್ಲ. ಏನು ಕೇಳಿದರೋ, ಏನು ಹೇಳಿದರೋ, ಎಂದೂ ಯಾರಿಗೂ ತಿಳಿಸಲಿಲ್ಲ. ಅವರಿನ್ನೂ ಅಲ್ಲಿ ನಿಂತಿರುವಾಗಲೇ ಅಕ್ಕಲಕೋಟೆಯ ಕಾಲ್ ಬಂತು. ಬಾಯಿಯ ತಮ್ಮ ಪೋಸ್ಟಾಫೀಸಿನಿಂದ ಕೂಗುತ್ತಿದ್ದ. “ಅಕ್ಕ ಹೋದಳವ್ವಾ. ಈಗ, ಇದೇ ಈಗ. ಹೋಗೂ ಮುಂದ ಕಿವಿ ಮ್ಯಾಲಿಂದ ಏನೋ ತಗದಂಗ ಮಾಡಿ, ಕೈ ಕೆಳಗ ಇಟ್ಟಳು.”

ಮರುದಿನ ಕಾಯಂ ಕಾಗದ ನನ್ನ ಕೈಗೆ ಬಂತು. ಆ ಗಂಡಿಗೆ ಬೇರೆ ಕೊರಳು ಸಿಕ್ಕಿತು. ಅದೇ ಬೋರ್ಡಿನ ಮುಂದೆ ಕೂತು ಉಂಡೆ, ತಮ್ಮಂದಿರನ್ನು ಓದಿಸಿದೆ. ಎಲ್ಲ ಬಾಯಿ ಹಾಕಿಕೊಟ್ಟ ಅನ್ನ. ಹದಿನೇಳು ಆಮೇಲೆ ಒಮ್ಮೆಯೂ ಬೀಳಲಿಲ್ಲ. ಮಗ್ಗಗಳು ಮೊದಲಿನಂತೆಯೇ ನೆಲ ನಡುಗಿಸುತ್ತಿದ್ದವು. ಬಿದ್ದಾಗ ಹೆದರುತ್ತಿದ್ದವಳು ನಾನು, ಬೀಳದಿದ್ದುದಕ್ಕೆ ಇನ್ನೂ ಹೆಚ್ಚು ಹೆದರಿದೆ. ಕೆಲವು ಮಧ್ಯಾಹ್ನ ತಡೆಯಲಾರದೆ ಆ ತೂತಿಗೆ ಪ್ಲಗ್ಗು ಸಿಕ್ಕಿಸಿ, “ಬಾಯಿ, ಇದ್ದೀನ್ರಿ,” ಎನ್ನುತ್ತಿದ್ದೆ. ಆ ಕಡೆ ಯಾರೂ ಇರಲಿಲ್ಲ. ಮುಕಾದಮ, ಬಾಯಿ, ಇಬ್ಬರೂ ಫೋನು ಇಟ್ಟು ಹೋಗಿದ್ದರು.