ಹದಿನೆಂಟು ಅಡಿಯ ಪಟದಲ್ಲಿ ನೂರ ನಲವತ್ತು ಜನ

ನನ್ನ ಅಕ್ಕನಿಗೆ ಸಣ್ಣ ಫೋಟೊ ಎಂದರೆ ಆಗಿಬರುವುದಿಲ್ಲ. ಪಾಸ್‌ಪೋರ್ಟ್ ಅಳತೆಯದು ಕೇಳಿ ಬಂದವರನ್ನು ಪಕ್ಕದ ಅಂಗಡಿಗೆ ಸಾಗಹಾಕುತ್ತಾಳೆ. ಶಾಲೆಗೆ ಶಾಲೆಯೇ, ಬೀದಿಗೆ ಬೀದಿಯೇ ಒಟ್ಟಿಗೆ ಬರಬೇಕೆಂದರೆ ಮಾತ್ರ ಅವಳ ಮುಖ ಅರಳುತ್ತದೆ. ಕ್ಯಾಮೆರಾ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಏಳೆಂಟು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅಂಚಿಗೆ ಅಂಚು ಹೊಲಿದು ಒಂದೇ ಉದ್ದನೆಯ ಪಟ ಮಾಡುತ್ತಾಳೆ. ಹೊಲಿಗೆ ಕಂಡರೆ ಅವಳಿಗೆ ಊಟ ಸೇರುವುದಿಲ್ಲ. ಅಗಲದ ಲೆನ್ಸು ಅಂಚಿನಲ್ಲಿ ನಿಂತವರ ಹೊಟ್ಟೆ ಹಿಗ್ಗಿಸುತ್ತದೆಂದು ಭಾವನನ್ನು ಯಾವಾಗಲೂ ನಡುವೆ ನಿಲ್ಲಿಸುತ್ತಾಳೆ. ಅಲ್ಲಿಯೂ ಅವರ ಹೊಟ್ಟೆ ಹೊಟ್ಟೆಯೇ.

ನೇಯ್ಗೆ ಕಾರ್ಖಾನೆ ಮುಚ್ಚುವ ದಿನ ನೂರ ನಲವತ್ತು ಜನರನ್ನೂ ಮಗ್ಗಗಳ ನಡುವೆ ನಿಲ್ಲಿಸಿ ಅಕ್ಕ ಏಳು ಚಿತ್ರ ತೆಗೆದಳು. ಮರುದಿನ ಬೆಳಿಗ್ಗೆಯೇ ಮಗ್ಗಗಳನ್ನು ಬಿಚ್ಚಿ ಸಾಗಿಸಿದರು. ಮತ್ತೊಮ್ಮೆ ತೆಗೆಯುವ ಮಾತೇ ಇರಲಿಲ್ಲ. ಕಂಪ್ಯೂಟರು ಹೊಲಿದ ಪಟ ನೋಡಿ ನಾನು ಕುಣಿದಾಡಿಬಿಟ್ಟೆ. ಹದಿನೆಂಟು ಅಡಿ, ಎಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ. ಅಕ್ಕ ತಲೆ ಎಣಿಸಿದಳು. ನೂರ ಮೂವತ್ತೊಂಬತ್ತು.

ಬಿಟ್ಟುಹೋದವಳು ಎಣ್ಣೆಯಮ್ಮ, ಮಗ್ಗಗಳಿಗೆಲ್ಲ ಎಣ್ಣೆ ಬಿಡುತ್ತಿದ್ದವಳು. ಮೂವತ್ತು ವರ್ಷದಲ್ಲಿ ಒಂದು ಗುಂಪು ಚಿತ್ರಕ್ಕೂ ಅವಳನ್ನು ಯಾರೂ ಕರೆದಿರಲಿಲ್ಲ. ಈ ಸಲ ಅಕ್ಕನೇ ಕೈಹಿಡಿದು ತಂದು ನಿಲ್ಲಿಸಿದ್ದಳು. ನನಗೆ ಕಂಪ್ಯೂಟರಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮೂಲ ಚಿತ್ರಗಳನ್ನು ತೆರೆದೆವು. ಮೂರನೆಯದರಲ್ಲಿ ಮಗ್ಗದ ಹಿಂದಿನಿಂದ ಅವಳ ಮುಖವಷ್ಟೇ, ಬಾಯ್ತುಂಬ ನಗು. ನಾಲ್ಕನೆಯದರ ಹೊತ್ತಿಗೆ ಎರಡು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ, ನಾಳೆ ಬಿಚ್ಚಿಹಾಕುವ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದಾಳೆ. ನಿಂತಲ್ಲಿ ನಿಲ್ಲದ ಜೀವ. ಎರಡು ಚಿತ್ರಗಳು ತಾಳೆಯಾಗಲಿಲ್ಲವೆಂದು ಕಂಪ್ಯೂಟರು ಅವಳನ್ನು ಎರಡೂ ಕಡೆ ಅಳಿಸಿತ್ತು.

ಅಕ್ಕ ಹೊಲಿಗೆ ಬಿಚ್ಚಿ, ಕೈಯಾರೆ ಹೊಸ ಗೆರೆ ಎಳೆಯಲು ಕೂತಳು. ಮುಖ ಉಳಿಸಿದರೆ ಸಾಕೆಂದೆ.

"ಮುಖ ಅಲ್ಲಿದೆ, ಕೆಲಸ ಇಲ್ಲಿದೆ. ಯಾವುದನ್ನ ಬಿಡ್ಲಿ? ಎರಡೂ ಇರ್ಲಿ," ಎಂದಳು.

ಜನ ಆಡಿಕೊಂಡು ನಗುತ್ತಾರೆ, ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂದು ಎಷ್ಟು ಬಡಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರ್ಮಿಕರ ಸಂಘದ ಗೋಡೆಗೆ ಪಟ ತೂಗಿಸಿದ ದಿನ ಜನ ಮುಗಿಬಿದ್ದರು. ತಮ್ಮ ತಮ್ಮ ಮುಖ ಹುಡುಕುವ ಗದ್ದಲದಲ್ಲಿ ಇಬ್ಬರು ಎಣ್ಣೆಯಮ್ಮಂದಿರನ್ನು ಮೊದಲು ಕಂಡವರು ಕಾರ್ಖಾನೆಯಲ್ಲಿ ಕೆಲಸ ಹಂಚುತ್ತಿದ್ದ ಮೇಸ್ತ್ರಿ. ಅವರು ತೋರಿಸಿದ್ದೇ ತಡ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಣ್ಣೆಯಮ್ಮ ಹತ್ತಿರ ಬಂದು ಒಂದೊಂದು ಕಡೆಯೂ ಬೆರಳಿಟ್ಟು ನೋಡಿದಳು. ಆಮೇಲೆ ಅಕ್ಕನ ಕೈಹಿಡಿದು ಮೇಸ್ತ್ರಿಯ ಕಡೆ ತಿರುಗಿದಳು.

"ಒಬ್ಬಳ ಕೈಲಿ ಆಗಲ್ಲ, ಇನ್ನೊಬ್ಬಳನ್ನ ಕೊಡಿ ಅಂತ ಮೂವತ್ತು ವರ್ಷ ಕೇಳಿದೆ. ನೀವು ಕೊಡ್ಲಿಲ್ಲ. ಈಕೆ ಕೊಟ್ಲು ನೋಡಿ."